ಹೂವಿನ ಚಿತ್ರ ಮತ್ತು ಅದರ ಕೆಳಗಿನ ಸಾಲು



ಉರ್ದು ಪಾಠ ಮಾಡುವವರಿಗೆಲ್ಲ ಒಂದು ಕಷ್ಟ ಗೊತ್ತಿರುತ್ತದೆ. ಗಜಲಿನಲ್ಲಿ ಗುಲಾಬ್ ಬಂದರೆ ವಿವರಿಸುವ ಅಗತ್ಯವಿಲ್ಲ. ಚಮೇಲಿ ಬಂದರೂ ಚಿಂತೆಯಿಲ್ಲ, ಬಳ್ಳಿ ಮನೆಯ ಮುಂದೆಯೇ ಇರುತ್ತದೆ. ಆದರೆ ನರ್ಗಿಸ್, ಲಾಲಾ, ಸೋಸನ್ ಬಂದಾಗ ನಾವು "ಅದೊಂದು ಜಾತಿಯ ಹೂವು" ಎಂದು ಹೇಳಿ ಮುಂದಿನ ಸಾಲಿಗೆ ದಾಟಿಬಿಡುತ್ತೇವೆ. ನಾನೂ ಹಾಗೆಯೇ ದಾಟುತ್ತಿದ್ದೆ. ಒಮ್ಮೆ ಎಂಟನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, "ಸರ್, ನೀವು ಸೋಸನ್ ನೋಡಿದ್ದೀರಾ?" ಎಂದು ಕೇಳಿದಳು. ನಾನು ನೋಡಿರಲಿಲ್ಲ. ನಾಳೆ ಚಿತ್ರ ತಂದು ತೋರಿಸುತ್ತೇನೆಂದು ಹೇಳಿ ಆ ದಿನ ಪಾರಾದೆ.

ಹುಡುಕಿದಾಗ ಸಿಕ್ಕಿದ ಚಿತ್ರ ಇನ್ನೂರು ವರ್ಷಕ್ಕಿಂತ ಹಳೆಯದಾಗಿತ್ತು. ಲಂಡನ್ನಿನಲ್ಲಿ 1787ರಲ್ಲಿ ಆರಂಭವಾದ 'ಬೊಟಾನಿಕಲ್ ಮ್ಯಾಗಜೀನ್' ಎಂಬ ಮಾಸಪತ್ರಿಕೆಯ ಮೊಟ್ಟಮೊದಲ ಚಿತ್ರವದು. ಹೆಸರು ಐರಿಸ್ ಪರ್ಸಿಕಾ, ಅಂದರೆ ಪರ್ಷಿಯಾದ ಐರಿಸ್, ನಮ್ಮ ಶಾಯರರ ಸೋಸನ್ನಿನ ಹತ್ತಿರದ ಬಂಧು. ಗಿಡ್ಡ ಗಿಡ, ತೆಳು ನೀಲಿ ದಳ, ದಳದ ತುದಿಯಲ್ಲಿ ಒಂದು ಕಪ್ಪು ನೇರಳೆ ಮಚ್ಚೆ, ನಡುವೆ ಕಿತ್ತಳೆ ಗೆರೆ. ಜೊತೆಗಿದ್ದ ಬರಹದಲ್ಲಿ ಈ ಹೂವು ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ಅರಳುವುದೆಂದೂ, ಮನೆಯೊಳಗೆ ನೀರು ತುಂಬಿದ ಗಾಜಿನ ಪಾತ್ರೆಯಲ್ಲಿಯೂ ಬೆಳೆಯುವುದೆಂದೂ, ಕೆಲವೇ ಹೂಗಳು ಇಡೀ ಕೋಣೆಯನ್ನು ಘಮಘಮಿಸುವಂತೆ ಮಾಡುವುವೆಂದೂ ತಿಳಿಸಲಾಗಿತ್ತು. ಹುಡುಗಿ ಸಮಾಧಾನಗೊಂಡಳು. ನಾನು ಮಾತ್ರ ಆ ಹಳೆಯ ಪತ್ರಿಕೆಗಳ ಹಿಂದೆ ಬಿದ್ದೆ. ಈ ಲೇಖನ ಅದರ ಫಲ.

ಪತ್ರಿಕೆಯನ್ನು ಆರಂಭಿಸಿದ ವಿಲಿಯಂ ಕರ್ಟಿಸ್ ಶ್ರೀಮಂತರಲ್ಲ. ವೃತ್ತಿಯಿಂದ ಔಷಧಿ ತಯಾರಿಸುವವರು, ಪ್ರವೃತ್ತಿಯಿಂದ ಸಸ್ಯಶಾಸ್ತ್ರಜ್ಞರು. ಅದಕ್ಕೂ ಮೊದಲು ಅವರು ಲಂಡನ್ ಸುತ್ತಲಿನ ಕಾಡುಗಿಡಗಳ ಬಗ್ಗೆ 'ಫ್ಲೋರಾ ಲಂಡಿನೆನ್ಸಿಸ್' ಎಂಬ ದೊಡ್ಡ ಅಳತೆಯ ಸುಂದರ ಗ್ರಂಥವನ್ನು ಕಂತುಗಳಲ್ಲಿ ಹೊರತಂದಿದ್ದರು. ವಿದ್ವಾಂಸರು ಹೊಗಳಿದರು, ಕೊಳ್ಳುವವರು ಕಡಿಮೆ. ಬೇಲಿಯಂಚಿನ ಕಳೆಯ ಚಿತ್ರಕ್ಕೆ ಯಾರು ಹಣ ಕೊಡುತ್ತಾರೆ? ಜನರಿಗೆ ಬೇಕಾಗಿದ್ದದ್ದು ದೂರದೇಶದಿಂದ ಬಂದು ತಮ್ಮ ತೋಟದಲ್ಲಿ ಅರಳುವ ಹೂವು. ಕರ್ಟಿಸ್ ಇದನ್ನು ಅರಿತು ಚಿಕ್ಕ ಅಳತೆಯ, ತಿಂಗಳಿಗೆ ಮೂರು ಬಣ್ಣದ ಚಿತ್ರಗಳಿರುವ, ಒಂದು ಶಿಲ್ಲಿಂಗ್ ಬೆಲೆಯ ಪತ್ರಿಕೆ ತಂದರು. ಮೊದಲ ಗ್ರಂಥ ತಮಗೆ ಹೊಗಳಿಕೆ ತಂದಿತು, ಎರಡನೆಯದು ಊಟ ತಂದಿತು ಎಂಬರ್ಥದ ಮಾತನ್ನು ಅವರು ಆಡುತ್ತಿದ್ದರಂತೆ. ಅವರು ತೀರಿಕೊಂಡದ್ದು 1799ರಲ್ಲಿ, ನಮ್ಮ ಶ್ರೀರಂಗಪಟ್ಟಣ ಬಿದ್ದ ವರ್ಷ. ಪತ್ರಿಕೆ ಮಾತ್ರ ನಿಲ್ಲಲಿಲ್ಲ. ಈಗಲೂ ಕ್ಯೂ ಉದ್ಯಾನದ ಆಶ್ರಯದಲ್ಲಿ ಪ್ರಕಟವಾಗುತ್ತಿದೆ.

ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ. ಆರಂಭದ ವರ್ಷಗಳಲ್ಲಿ ಸುಮಾರು 3000 ಪ್ರತಿಗಳು ಮಾರಾಟವಾಗುತ್ತಿದ್ದವು. ಪ್ರತಿಯೊಂದರಲ್ಲಿ ಮೂರು ಚಿತ್ರಗಳೆಂದರೆ ತಿಂಗಳಿಗೆ 9000 ಹಾಳೆಗಳು. ಆಗ ಬಣ್ಣದಲ್ಲಿ ಅಚ್ಚು ಹಾಕುವ ಯಂತ್ರವಿರಲಿಲ್ಲ. ತಾಮ್ರದ ತಗಡಿನ ಮೇಲೆ ಕೆತ್ತಿದ ಗೆರೆಗಳು ಮಾತ್ರ ಕಪ್ಪು ಮಸಿಯಲ್ಲಿ ಅಚ್ಚಾಗುತ್ತಿದ್ದವು. ಬಣ್ಣವನ್ನು ಪ್ರತಿಯೊಂದು ಹಾಳೆಗೂ ಕುಂಚ ಹಿಡಿದು ಕೈಯಿಂದಲೇ ಹಚ್ಚಬೇಕಿತ್ತು. ಈ ಕೆಲಸಕ್ಕೆ 30 ಜನರವರೆಗೆ ಇದ್ದರೆಂದು ತಿಳಿದುಬರುತ್ತದೆ. ಅಂದರೆ ಒಬ್ಬರ ಪಾಲಿಗೆ ತಿಂಗಳಿಗೆ 300 ಹಾಳೆ. ಭಾನುವಾರ ಬಿಟ್ಟರೆ ದಿನಕ್ಕೆ ಹನ್ನೆರಡು ಹೂವು, ಎದುರಿಗೆ ಇಟ್ಟ ಮಾದರಿಯನ್ನು ನೋಡಿ ನೋಡಿ, ನೀಲಿ ಹೆಚ್ಚಾಗದಂತೆ, ಮಚ್ಚೆ ತಪ್ಪದಂತೆ. ಆ ಕಾಲದ ಲಂಡನ್ನಿನಲ್ಲಿ ಇಂಥ ಬಣ್ಣ ಹಚ್ಚುವ ಕೂಲಿಯಲ್ಲಿ ಹೆಂಗಸರು ಮತ್ತು ಮಕ್ಕಳು ಬಹಳ ಮಂದಿ ಇದ್ದರು. ಒಂದೇ ಚಿತ್ರದ ಎರಡು ಪ್ರತಿಗಳನ್ನು ಪಕ್ಕದಲ್ಲಿಟ್ಟು ನೋಡಿದರೆ ಎರಡೂ ಬೇರೆ ಬೇರೆ ಇರುತ್ತವೆ. ಒಂದರಲ್ಲಿ ಎಲೆಯ ಹಸಿರು ಗೆರೆ ದಾಟಿರುತ್ತದೆ, ಇನ್ನೊಂದರಲ್ಲಿ ದಾಟಿರುವುದಿಲ್ಲ.

ಈಗ ಚಿತ್ರದ ಕೆಳಗಿನ ಸಾಲನ್ನು ಗಮನಿಸಿ. ಇಂಥ ಹಳೆಯ ಮುದ್ರಿತ ಚಿತ್ರಗಳಲ್ಲಿ ತೀರಾ ಸಣ್ಣ ಅಕ್ಷರಗಳಲ್ಲಿ ಒಂದು ಸಾಲಿರುವುದು ವಾಡಿಕೆ. 'ಡೆಲ್' ಎಂದಿದ್ದರೆ ಅದರ ಹಿಂದಿನ ಹೆಸರು ಚಿತ್ರ ಬರೆದವರದು. 'ಸ್ಕಲ್ಪ್' ಎಂದಿದ್ದರೆ ತಗಡಿನಲ್ಲಿ ಕೆತ್ತಿದವರದು. 'ಲಿಥ್' ಎಂದರೆ ಕಲ್ಲಿನ ಮೇಲೆ ಬರೆದವರದು. 'ಇಂಪ್' ಎಂದರೆ ಅಚ್ಚು ಹಾಕಿದವರದು. ಪ್ರಕಾಶಕರ ಹೆಸರು, ವಿಳಾಸ, ತಾರೀಖು ಕೂಡ ಅನೇಕ ಚಿತ್ರಗಳಲ್ಲಿ ಇರುತ್ತದೆ. ಬಣ್ಣ ಹಚ್ಚಿದವರಿಗೆ ಮಾತ್ರ ಸಾಮಾನ್ಯವಾಗಿ ಆ ಸಾಲಿನಲ್ಲಿ ಜಾಗವಿಲ್ಲ.

ಕಲ್ಲಿನ ಮಾತು ಬಂದದ್ದರಿಂದ ಉರ್ದು ಬಲ್ಲ ಓದುಗರಿಗೆ ಒಂದು ವಿಷಯ ಹೇಳಬೇಕು. ಜರ್ಮನಿಯ ಸೆನೆಫೆಲ್ಡರ್ ಎಂಬುವರು 18ನೇ ಶತಮಾನದ ಕೊನೆಯಲ್ಲಿ ಕಲ್ಲಚ್ಚಿನ ವಿಧಾನ ಕಂಡುಹಿಡಿದರು. ನುಣುಪು ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಮಸಿಯಲ್ಲಿ ಬರೆದು, ಕಲ್ಲನ್ನು ಒದ್ದೆ ಮಾಡಿ ಮಸಿಯ ಉರುಳೆ ಓಡಿಸಿದರೆ, ಬರೆದ ಕಡೆ ಮಾತ್ರ ಮಸಿ ಹಿಡಿಯುತ್ತದೆ, ನೀರು ಹಿಡಿದ ಕಡೆ ಹಿಡಿಯುವುದಿಲ್ಲ. ನಸ್ತಾಲೀಖ್ ಲಿಪಿಯನ್ನು ಅಚ್ಚಿನ ಮೊಳೆಗಳಲ್ಲಿ ಜೋಡಿಸುವುದು ಕಷ್ಟವಾಗಿದ್ದುದರಿಂದ ನಮ್ಮ ಉರ್ದು ಪುಸ್ತಕಗಳು, ಪತ್ರಿಕೆಗಳು ತಲೆಮಾರುಗಳ ಕಾಲ ಈ ಕಲ್ಲಚ್ಚಿನಲ್ಲಿಯೇ ಬಂದವು. ಕಾತಿಬ್ ಸಾಹೇಬರು ವಿಶೇಷ ಕಾಗದದ ಮೇಲೆ ಬರೆದುಕೊಟ್ಟದ್ದು ಕಲ್ಲಿಗೆ ಇಳಿಯುತ್ತಿತ್ತು. ಇಂಗ್ಲೆಂಡಿನ ಹೂವಿನ ಪತ್ರಿಕೆಗಳೂ ಅದೇ ವಿಧಾನಕ್ಕೆ ಬಂದವು. 'ಬೊಟಾನಿಕಲ್ ಮ್ಯಾಗಜೀನ್' 1840ರ ದಶಕದ ಮಧ್ಯದಲ್ಲಿ ತಾಮ್ರವನ್ನು ಬಿಟ್ಟು ಕಲ್ಲಿಗೆ ಬಂದಿತು. ನಮ್ಮಲ್ಲಿ ಕಾತಿಬರ ಹೆಸರು ಎಷ್ಟೋ ಪುಸ್ತಕಗಳ ಕೊನೆಯ ಪುಟದಲ್ಲಿ ಉಳಿದಿದೆ ಎಂಬುದನ್ನೂ ಇಲ್ಲಿ ನೆನೆಯಬಹುದು.

ಕಲ್ಲಿನ ಮೇಲೆ ಬರೆಯುವುದರಲ್ಲಿ ವಾಲ್ಟರ್ ಹುಡ್ ಫಿಚ್‌ಗೆ ಸಮಾನರು ಬಹಳ ಜನ ಇರಲಿಲ್ಲ. 1817ರಲ್ಲಿ ಗ್ಲಾಸ್ಗೋದಲ್ಲಿ ಹುಟ್ಟಿದ ಈತ ಮೊದಲು ಬಟ್ಟೆಗೆ ಅಚ್ಚು ಹಾಕುವ ಕಡೆ ನಕ್ಷೆ ಬಿಡಿಸಲು ಕಲಿಯುತ್ತಿದ್ದ ಹುಡುಗ. ಪತ್ರಿಕೆಯ ಸಂಪಾದಕರಾಗಿದ್ದ ವಿಲಿಯಂ ಹೂಕರ್ ಅವನ ಕೈಚಳಕ ಕಂಡು ಕರೆದುಕೊಂಡರು. ಹದಿನೇಳನೆಯ ವಯಸ್ಸಿನಲ್ಲಿ, 1834ರಲ್ಲಿ, ಅವನ ಮೊದಲ ಚಿತ್ರ ಪ್ರಕಟವಾಯಿತು. 1841ರಲ್ಲಿ ಹೂಕರ್ ಕ್ಯೂ ಉದ್ಯಾನದ ನಿರ್ದೇಶಕರಾದಾಗ ಫಿಚ್ ಕೂಡ ಅವರ ಹಿಂದೆ ಲಂಡನ್ನಿಗೆ ಬಂದರು. ಒಣಗಿ ಚಪ್ಪಟೆಯಾದ ಗಿಡವನ್ನು ಕೊಟ್ಟರೂ ಅದು ಬದುಕಿದ್ದಾಗ ಹೇಗೆ ಬಾಗಿ ನಿಂತಿತ್ತೆಂದು ಊಹಿಸಿ ನೇರವಾಗಿ ಕಲ್ಲಿನ ಮೇಲೆಯೇ ಬರೆದುಬಿಡುತ್ತಿದ್ದರು. ಈ ಒಂದು ಪತ್ರಿಕೆಗೇ 2700ಕ್ಕೂ ಹೆಚ್ಚು ಚಿತ್ರಗಳು, ಜೀವಮಾನದಲ್ಲಿ ಒಟ್ಟು ಸುಮಾರು 10 ಸಾವಿರ. ಆದರೂ ಸಂಭಾವನೆಯ ವಿಷಯದಲ್ಲಿ ಮನಸ್ತಾಪ ಬಂದು 1877ರಲ್ಲಿ ಅವರು ಪತ್ರಿಕೆಯನ್ನು ಬಿಟ್ಟರು. ಆಗ ಸಂಪಾದಕರಾಗಿದ್ದವರು ಹಿರಿಯ ಹೂಕರರ ಮಗ ಜೋಸೆಫ್ ಹೂಕರ್. ನಲವತ್ತಮೂರು ವರ್ಷ ದುಡಿದವರು ಹಾಗೆ ಎದ್ದುಹೋಗಬೇಕಾಯಿತೆಂಬುದನ್ನು ಓದಿದಾಗ ನನಗೆ ಬೇಸರವಾಯಿತು. ಅವರ ಜಾಗಕ್ಕೆ ಬಂದ ಮಟಿಲ್ಡಾ ಸ್ಮಿತ್ ಹುಟ್ಟಿದ್ದು ನಮ್ಮ ಬೊಂಬಾಯಿಯಲ್ಲಿ, 1854ರಲ್ಲಿ. ಆಕೆ ನಾಲ್ಕು ದಶಕಗಳಿಗೂ ಮೀರಿ ದುಡಿದು 2300ರಷ್ಟು ಚಿತ್ರಗಳನ್ನು ಕೊಟ್ಟರು.

ಪತ್ರಿಕೆಗಳು ಇದೊಂದೇ ಅಲ್ಲ. 1815ರಲ್ಲಿ 'ಬೊಟಾನಿಕಲ್ ರಿಜಿಸ್ಟರ್' ಬಂತು, 1834ರಲ್ಲಿ ಪ್ಯಾಕ್ಸ್‌ಟನ್ನರ ಪತ್ರಿಕೆ, 1845ರಲ್ಲಿ ಬೆಲ್ಜಿಯಂನ ಗೆಂಟ್ ನಗರದಿಂದ ವಾನ್ ಹೌಟರ 'ಫ್ಲೋರ್ ದೆ ಸೆರ್'. ಈ ಕೊನೆಯದರಲ್ಲಿ 2000ಕ್ಕೂ ಹೆಚ್ಚು ಚಿತ್ರಗಳಿವೆ. ಇವುಗಳಲ್ಲಿ ನನ್ನ ಗಮನ ಸೆಳೆದದ್ದು ಲಾಡಿಜಸ್ ಕುಟುಂಬದವರು 1817ರಿಂದ 1833ರವರೆಗೆ ತಂದ 'ಬೊಟಾನಿಕಲ್ ಕ್ಯಾಬಿನೆಟ್'. ಇಪ್ಪತ್ತು ಸಂಪುಟ, 2000 ಪುಟ್ಟ ಚಿತ್ರಗಳು. ಈ ಕುಟುಂಬಕ್ಕೆ ಲಂಡನ್ನಿನ ಹ್ಯಾಕ್ನಿಯಲ್ಲಿ ಗಿಡ ಮಾರುವ ದೊಡ್ಡ ನರ್ಸರಿ ಇತ್ತು. ಪತ್ರಿಕೆಯಲ್ಲಿ ಕಂಡ ಹೂವನ್ನು ಅಲ್ಲಿಗೆ ಹೋಗಿ ಕೊಳ್ಳಬಹುದಾಗಿತ್ತು. ಅಂದರೆ ಇಂದು ನಾವು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುವ ಕಲಾಕೃತಿ ಅಂದು ಮುಕ್ಕಾಲು ಪಾಲು ಜಾಹೀರಾತು. ಚಿತ್ರ ನೋಡಿದವರಿಗೆ ಗಿಡ ಬೇಕು, ಗಿಡ ಬೇಕಾದವರಿಗಾಗಿ ಯಾರೋ ಕಾಡಿಗೆ ಹೋಗಬೇಕು. ಗಾಜಿನ ಮುಚ್ಚಿದ ಪೆಟ್ಟಿಗೆಗಳಲ್ಲಿ ಗಿಡವನ್ನು ತಿಂಗಳುಗಟ್ಟಲೆ ಹಡಗಿನಲ್ಲಿ ಜೀವಂತವಾಗಿ ಸಾಗಿಸಬಹುದೆಂದು 1830ರ ದಶಕದಲ್ಲಿ ಡಾ. ವಾರ್ಡ್ ತೋರಿಸಿಕೊಟ್ಟರು. 1845ರಲ್ಲಿ ಇಂಗ್ಲೆಂಡಿನಲ್ಲಿ ಗಾಜಿನ ಮೇಲಿನ ತೆರಿಗೆ ರದ್ದಾಗಿ ಗಾಜಿನ ಮನೆಗಳು ಅಗ್ಗವಾದವು. ಆಮೇಲೆ ಕಾಡಿಗೆ ಹೋಗುವವರಿಗೆ ತಡೆಯೇ ಇಲ್ಲವಾಯಿತು.

ಎರಡು ಹೂಗಳ ಕಥೆ ಹೇಳುತ್ತೇನೆ. ಎರಡೂ ನಮ್ಮ ಕಡೆಯಿಂದ ಹೋದವು.

ಕಲ್ಕತ್ತಾ ಸಸ್ಯೋದ್ಯಾನದ ಮೇಲ್ವಿಚಾರಕ ವಾಲಿಚ್ ಎಂಬುವರು 1826-27ರಲ್ಲಿ ಬರ್ಮಾದಲ್ಲಿ ಸಂಚರಿಸುತ್ತಿದ್ದಾಗ ಗುಹೆಯೊಂದರಲ್ಲಿ ಬುದ್ಧನ ಮೂರ್ತಿಗಳ ಮುಂದೆ ಅರ್ಪಿಸಿದ್ದ ಕೆಂಪು ಹೂಗಳನ್ನು ಕಂಡರು. ಹುಡುಕಿಕೊಂಡು ಹೋದಾಗ ಪಾಳುಬಿದ್ದ ಬೌದ್ಧ ಮಠದ ಬಳಿ ಆ ಮರ ಸಿಕ್ಕಿತು. ದೀಪದ ಗೊಂಚಲಿನಂತೆ ಕೆಳಮುಖವಾಗಿ ಇಳಿಬಿದ್ದ ಹೂಗಳು. ಗವರ್ನರ್ ಜನರಲ್ಲರ ಪತ್ನಿ ಲೇಡಿ ಅಮ್ಹರ್ಸ್ಟ್ ಮತ್ತು ಅವರ ಮಗಳ ಗೌರವಾರ್ಥ 'ಅಮ್ಹರ್ಸ್ಟಿಯಾ ನೋಬಿಲಿಸ್' ಎಂದು ಹೆಸರಿಟ್ಟರು. ಬರ್ಮಾದವರು ಪೂಜೆಗೆ ಬಳಸುತ್ತಿದ್ದ ಹೂವಿಗೆ ಕಲ್ಕತ್ತಾದ ದೊರೆಸಾನಿಯ ಹೆಸರು! ಅದಿರಲಿ. ವಾಲಿಚ್ಚರ ಗ್ರಂಥದಲ್ಲಿ ಆ ಚಿತ್ರ ಬಂದದ್ದೇ ತಡ, ಇಂಗ್ಲೆಂಡಿನ ಸಿರಿವಂತರಿಗೆ ಅದನ್ನು ಬೆಳೆಸುವ ಹುಚ್ಚು ಹಿಡಿಯಿತು. ಡೆವನ್‌ಶೈರಿನ ಡ್ಯೂಕ್ 1835ರಲ್ಲಿ ಜಾನ್ ಗಿಬ್ಸನ್ ಎಂಬ ತೋಟಗಾರನನ್ನು ಇದಕ್ಕಾಗಿಯೇ ಭಾರತಕ್ಕೆ ಕಳಿಸಿದರು. ಆತ 1837ರಲ್ಲಿ ಗಿಡದೊಂದಿಗೆ ಮರಳಿದನು. ಆದರೆ ಇಂಗ್ಲೆಂಡಿನಲ್ಲಿ ಮೊದಲು ಹೂಬಿಟ್ಟದ್ದು ಡ್ಯೂಕರ ಮರವಲ್ಲ, ಈಲಿಂಗ್ ಪಾರ್ಕಿನ ಲಾರೆನ್ಸ್ ಎಂಬ ಮಹಿಳೆಯ ಮರ, 1849ರಲ್ಲಿ. ಮೊದಲ ಗೊಂಚಲು ವಿಕ್ಟೋರಿಯಾ ರಾಣಿಗೆ ಹೋಯಿತು. ಎರಡನೆಯದು ಹೂಕರರಿಗೆ ಹೋಯಿತು. ಅದನ್ನು ನೋಡಿ ಮಾಡಿದ ಚಿತ್ರ ಅದೇ ವರ್ಷ 'ಬೊಟಾನಿಕಲ್ ಮ್ಯಾಗಜೀನ್'ನಲ್ಲಿ 4453ನೇ ಚಿತ್ರವಾಗಿ ಬಂದಿದೆ.

ಇನ್ನೊಂದು, ಖಾಸಿ ಬೆಟ್ಟಗಳ ನೀಲಿ ಆರ್ಕಿಡ್, ವಾಂಡಾ ಸೆರುಲಿಯಾ. ಜೋಸೆಫ್ ಹೂಕರ್ 1850ರಲ್ಲಿ ಅಲ್ಲಿಗೆ ಹೋಗಿ ಏಳು ಆಳುಗಳ ಹೊರೆಯಷ್ಟು ಗಿಡಗಳನ್ನು ಕಿತ್ತು ಕ್ಯೂಗೆ ಕಳಿಸಿದರು. ಜೀವಂತವಾಗಿ ತಲುಪಿದವು ಕೆಲವೇ. ಜಾಗ ತೋರಿಸಿಕೊಂಡ ಇನ್ನೊಬ್ಬ ಮಹನೀಯರು ಒಂದು ಆಳಿನ ಹೊರೆ ಕಳಿಸಿದರಂತೆ. ಗಿಡಗಳು ಬಾಡಿ ತಲುಪಿದರೂ ಒಂದೊಂದು 3ರಿಂದ 10 ಪೌಂಡಿಗೆ ಮಾರಾಟವಾಗಿ ಒಟ್ಟು 300 ಪೌಂಡ್ ಸಿಕ್ಕಿತು. ಇದನ್ನು ಹೂಕರರೇ ತಮ್ಮ ಪ್ರವಾಸ ಕಥನದಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಹೊರೆ ಹೊತ್ತವರ ಹೆಸರು ಮಾತ್ರ ಆ ಲೆಕ್ಕದಲ್ಲಿ ಇಲ್ಲ.

ಹಾಗಾದರೆ ನಮ್ಮವರ ಹೆಸರು ಚಿತ್ರದ ಕೆಳಗಿನ ಸಾಲಿನಲ್ಲಿ ಎಲ್ಲಿಯೂ ಬಂದಿಲ್ಲವೇ? ಬಂದಿದೆ. ಮೇಲೆ ಹೇಳಿದ ವಾಲಿಚ್ಚರ ಗ್ರಂಥದ ಅಮ್ಹರ್ಸ್ಟಿಯಾ ಚಿತ್ರವನ್ನು ಬರೆದವರು ವಿಷ್ಣುಪ್ರಸಾದ್ ಎಂಬ ಭಾರತೀಯ ಕಲಾವಿದರು. ಅದೇ ಗ್ರಂಥದಲ್ಲಿ ಗೋರಾಚಂದ್ ಎಂಬುವರ ಚಿತ್ರಗಳೂ ಇವೆ. ಮದರಾಸು ಪ್ರಾಂತ್ಯದಲ್ಲಿದ್ದ ವೈದ್ಯ ರಾಬರ್ಟ್ ವೈಟ್ ಅವರ ಬಳಿ ರಂಗಯ್ಯ, ಅವರ ನಂತರ ಗೋವಿಂದು ಎಂಬ ಇಬ್ಬರು ಕಲಾವಿದರಿದ್ದರು. ರಂಗಯ್ಯನವರು ಬರೆದ ಚಿತ್ರಗಳನ್ನು ವೈಟ್ ಇಂಗ್ಲೆಂಡಿಗೆ ತಲುಪಿಸಿದಾಗ ಹಿರಿಯ ಹೂಕರ್ 1830ರ ಸುಮಾರಿಗೆ ತಮ್ಮ 'ಬೊಟಾನಿಕಲ್ ಮಿಸೆಲನಿ'ಯಲ್ಲಿ ಅವುಗಳನ್ನು ಅಚ್ಚು ಹಾಕಿಸಿದರು. ಮುಂದೆ ವೈಟ್ ಮದರಾಸಿನಲ್ಲಿಯೇ ಕಲ್ಲಚ್ಚಿನಲ್ಲಿ 2000ಕ್ಕೂ ಹೆಚ್ಚು ಸಸ್ಯಚಿತ್ರಗಳನ್ನು ಹೊರತಂದರು. ಅವುಗಳ ಕೆಳಗೆ 'ರಂಗಯ್ಯ ಡೆಲ್', 'ಗೋವಿಂದು ಡೆಲ್' ಎಂಬ ಸಾಲನ್ನು ಇಂದಿಗೂ ಓದಬಹುದು. ವೈಟ್ ಒಂದು ಹೆಜ್ಜೆ ಮುಂದೆ ಹೋಗಿ ಆರ್ಕಿಡ್ ಕುಲವೊಂದಕ್ಕೆ 'ಗೋವಿಂದೂಯಾ' ಎಂದೇ ಹೆಸರಿಟ್ಟರು. ಸಸ್ಯಶಾಸ್ತ್ರಜ್ಞರು ಆಮೇಲೆ ಅದನ್ನು ಬೇರೆ ಕುಲಕ್ಕೆ ಸೇರಿಸಿಬಿಟ್ಟದ್ದು ಬೇರೆ ಮಾತು. ಕೂಲಿಗೆ ಚಿತ್ರ ಬರೆದವರ ಹೆಸರನ್ನು ಗಿಡಕ್ಕೆ ಇಟ್ಟ ಯಜಮಾನರು ಆ ಕಾಲದಲ್ಲಿ ಎಷ್ಟು ಜನ?

ಇವರಿಗೂ ಹಿಂದಿನವರು ಪಟ್ನಾದ ಶೇಖ್ ಜೈನುದ್ದೀನ್. ಪತ್ರಿಕೆಗಳ ಕಾಲಕ್ಕೆ ಸ್ವಲ್ಪ ಮೊದಲಿನವರಾದರೂ ಅವರನ್ನು ಬಿಟ್ಟು ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಕಲ್ಕತ್ತಾದ ಮುಖ್ಯ ನ್ಯಾಯಾಧೀಶ ಇಂಪಿ ಅವರ ಮನೆಯಲ್ಲಿ 1777ರಿಂದ 1782ರವರೆಗೆ ಜೈನುದ್ದೀನ್, ಭವಾನಿ ದಾಸ್, ರಾಮ್ ದಾಸ್ ಎಂಬ ಮೂವರು ಸೇರಿ ಮುನ್ನೂರಕ್ಕೂ ಹೆಚ್ಚು ಹಕ್ಕಿ, ಪ್ರಾಣಿ, ಗಿಡಗಳ ಚಿತ್ರ ಬರೆದರು. ಮೊಗಲ್ ದರ್ಬಾರಿನ ಸೂಕ್ಷ್ಮ ಕುಂಚವನ್ನು ಇಂಗ್ಲೆಂಡಿನ ಕಾಗದದ ಮೇಲೆ ಓಡಿಸಿದ ಕೆಲಸವದು. ಜೈನುದ್ದೀನರು ತಮ್ಮ ಹೆಸರನ್ನೂ ಊರನ್ನೂ ಪಾರಸಿ ಅಕ್ಷರಗಳಲ್ಲಿ ತಾವೇ ಬರೆದಿಟ್ಟರು. ಆದ್ದರಿಂದಲೇ ಅವರು ಪಟ್ನಾದವರೆಂದು ನಮಗೆ ಗೊತ್ತು. ಇಂಪಿಯವರ ಮರಣಾನಂತರ 1810ರಲ್ಲಿ ಲಂಡನ್ನಿನಲ್ಲಿ ಹರಾಜಾಗಿ ಆ ಸಂಗ್ರಹ ಬಿಡಿಬಿಡಿಯಾಗಿ ಚದುರಿಹೋಯಿತು. ಹಾಳೆಯ ಮೇಲೆಯೇ ಹೆಸರಿದ್ದುದರಿಂದ ಚದುರಿದರೂ ಕಲಾವಿದ ಕಳೆದುಹೋಗಲಿಲ್ಲ.

ನಮ್ಮ ನಾಡಿನಲ್ಲಿಯೂ ಇಂಥ ಕೆಲಸ ನಡೆದಿದೆ. ಹ್ಯೂ ಕ್ಲೆಗಾರ್ನ್ ಎಂಬ ವೈದ್ಯರು 1840ರ ದಶಕದಲ್ಲಿ ಶಿವಮೊಗ್ಗದಲ್ಲಿದ್ದಾಗ ಮರಾಠಿ ಕಲಾವಿದನೊಬ್ಬನನ್ನು ಇಟ್ಟುಕೊಂಡು ಸುತ್ತಲಿನ ಗಿಡಗಳ ಚಿತ್ರ ಬರೆಸಿದರು. ಆತನನ್ನು ಇಂದಿಗೂ 'ಮರಾಠಿ ಕಲಾವಿದ' ಎಂದೇ ಕರೆಯುತ್ತಾರೆ. ಹೈದರ್ ಅಲಿ ಹಾಕಿಸಿದ, ಟಿಪ್ಪು ಸುಲ್ತಾನರು ಹೊರದೇಶಗಳಿಂದ ಬೀಜ, ಸಸಿ ತರಿಸಿ ಬೆಳೆಸಿದ ಲಾಲ್‌ಬಾಗ್ 19ನೇ ಶತಮಾನದ ಉತ್ತರಾರ್ಧದಲ್ಲಿ ಸರ್ಕಾರಿ ಸಸ್ಯೋದ್ಯಾನವಾಯಿತು. 1874ರಲ್ಲಿ ಅಲ್ಲಿಗೆ ಬಂದ ಜಾನ್ ಕ್ಯಾಮರನ್ನರ ಕಾಲದಲ್ಲಿ ಚೆಲುವಯ್ಯ ರಾಜು ಎಂಬ ಕಲಾವಿದರು ತೋಟದ ಗಿಡಗಳನ್ನು ಜಲವರ್ಣದಲ್ಲಿ ಬರೆದರು. ಅವರ ಚಿತ್ರಗಳು ಉಳಿದಿವೆ, ಹೆಸರೂ ಉಳಿದಿದೆ.

ಈಗ ನಾನು ನಿಮ್ಮೊಂದಿಗೆ ಹೇಳಬೇಕೆಂದಿರುವ ವಿಷಯಕ್ಕೆ ಬರುತ್ತೇನೆ. ಇಂದು ಈ ಪತ್ರಿಕೆಗಳ ಚಿತ್ರಗಳಿಗೆ ಒಳ್ಳೆಯ ಬೆಲೆ ಇದೆ. ಇಡೀ ಸಂಪುಟವನ್ನು ಮಾರಿದರೆ ಬರುವುದಕ್ಕಿಂತ ಹಾಳೆಗಳನ್ನು ಬಿಡಿಸಿ ಒಂದೊಂದಾಗಿ ಮಾರಿದರೆ ಹೆಚ್ಚು ಹಣ ಬರುವುದರಿಂದ ಹಳೆಯ ಸಂಪುಟಗಳ ಬೆನ್ನು ಕತ್ತರಿಸಲಾಗುತ್ತಿದೆ. ಚಿತ್ರ ಚೌಕಟ್ಟಿಗೆ ಹೋಗುತ್ತದೆ, ಅದರ ಎದುರಿನ ಪುಟದ ಬರಹ ರದ್ದಿಗೆ ಹೋಗುತ್ತದೆ. ಗಿಡ ಯಾವ ಬೆಟ್ಟದಿಂದ ಬಂತು, ಯಾರು ಕಳಿಸಿದರು, ಯಾರ ತೋಟದಲ್ಲಿ ಯಾವ ತಿಂಗಳು ಅರಳಿತು ಎಂಬುದೆಲ್ಲ ಇರುವುದು ಆ ಬರಹದಲ್ಲಿ. ಚೌಕಟ್ಟು ಹಾಕುವವರು ಕೆಲವೊಮ್ಮೆ ಚಿತ್ರದ ಸುತ್ತ ರಟ್ಟು ಇಟ್ಟು ಕೆಳಗಿನ ಸಾಲನ್ನೂ ಮುಚ್ಚಿಬಿಡುತ್ತಾರೆ. ಆಗ ಉಳಿಯುವುದು ಸೋಫಾದ ಬಣ್ಣಕ್ಕೆ ಹೊಂದುವ ಒಂದು ಹೂವು ಮಾತ್ರ. ಸೋಸನ್ ಹೂವಿಗೆ ಹತ್ತು ನಾಲಿಗೆಗಳಿದ್ದರೂ ಅದು ಮೂಕ ಎಂಬ ಕಲ್ಪನೆ ಪಾರಸಿ, ಉರ್ದು ಕಾವ್ಯದಲ್ಲಿ ಹಳೆಯದು. ಬರಹ ಕಳೆದುಕೊಂಡ ಚಿತ್ರವನ್ನು ನೋಡಿದಾಗ ನನಗೆ ಅದೇ ನೆನಪಾಗುತ್ತದೆ.

ನಿಮ್ಮ ಮನೆಯಲ್ಲೋ ಪರಿಚಯದವರಲ್ಲೋ ಇಂಥ ಚಿತ್ರವಿದ್ದರೆ ಒಂದು ಭೂತಗನ್ನಡಿ ಹಿಡಿದು ನೋಡಿ. ಸಮನಾದ ಸಣ್ಣ ಚುಕ್ಕೆಗಳ ಸಾಲು ಕಂಡರೆ ಅದು ಇತ್ತೀಚಿನ ಆಫ್‌ಸೆಟ್ ಮುದ್ರಣ. ಬಣ್ಣ ಗೆರೆಯ ಮೇಲೆ ಪದರವಾಗಿ ಕುಳಿತಿದ್ದರೆ, ಅಂಚಿನಲ್ಲಿ ಸ್ವಲ್ಪ ಮಡುಗಟ್ಟಿದ್ದರೆ, ಅಲ್ಲಲ್ಲಿ ಗೆರೆ ದಾಟಿದ್ದರೆ, ಅದು ಕೈಯ ಬಣ್ಣ. ಕಾಗದದ ಮೇಲೆ ಎದುರು ಪುಟದ ಅಕ್ಷರಗಳ ಕಂದು ನೆರಳು ಬಿದ್ದಿರುವುದೂ ಉಂಟು. ಮೂಲೆಯಲ್ಲಿ ಚಿತ್ರದ ಸಂಖ್ಯೆ ಇದ್ದರೆ ಬರೆದುಕೊಳ್ಳಿ. 'ಬೊಟಾನಿಕಲ್ ಮ್ಯಾಗಜೀನ್'ನ ಹಳೆಯ ಸಂಪುಟಗಳೆಲ್ಲ ಇಂಟರ್‌ನೆಟ್ಟಿನಲ್ಲಿ 'ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿ' ಎಂಬ ಉಚಿತ ಗ್ರಂಥಾಲಯದಲ್ಲಿವೆ. ಸಂಖ್ಯೆ ಹಿಡಿದು ಹುಡುಕಿದರೆ ಕಳೆದುಹೋದ ಎದುರು ಪುಟ ಸಿಗುತ್ತದೆ. ಅದರ ಒಂದು ಪ್ರತಿ ತೆಗೆದು ಚೌಕಟ್ಟಿನ ಹಿಂಬದಿಗೆ ಅಂಟಿಸಿಡಿ. ಖರ್ಚು ಎರಡು ರೂಪಾಯಿ. ಲಿಂಕ್ ಹುಡುಕುವ ಕೆಲಸವನ್ನು ಹೈಸ್ಕೂಲು ಮಕ್ಕಳು ನಮಗಿಂತ ಬೇಗ ಮಾಡಿಕೊಡುತ್ತಾರೆ.

ಇನ್ನು ಆ ಬಣ್ಣ ಹಚ್ಚುವವರ ವಿಷಯ. 19ನೇ ಶತಮಾನದ ಉತ್ತರಾರ್ಧದಲ್ಲಿ ಬೇರೆ ಪತ್ರಿಕೆಗಳು ಒಂದೊಂದಾಗಿ ಬಣ್ಣದ ಕಲ್ಲಚ್ಚಿಗೆ ತಿರುಗಿದರೂ 'ಬೊಟಾನಿಕಲ್ ಮ್ಯಾಗಜೀನ್' ಕೈಯ ಬಣ್ಣವನ್ನು ಬಿಡಲಿಲ್ಲ. 1787ರಲ್ಲಿ ಸೋಸನ್ನಿನಿಂದ ಆರಂಭವಾದ ಆ ಕೆಲಸ ಎರಡು ಮಹಾಯುದ್ಧಗಳನ್ನು ದಾಟಿ 1948ರವರೆಗೆ ನಡೆಯಿತು. ಕೊನೆಗೆ ಅದು ನಿಂತದ್ದು ಬಣ್ಣ ಹಚ್ಚಲು ಜನ ಸಿಗದೆ.